ಸವೆದ ಜಾಗ

ಹೆಂಡತಿಯ ಕೈ ಎಲ್ಲಿದೆ ಎಂದು ಹುಡುಕುವುದು ಅರವತ್ತು ದಾಟಿದ ಗಂಡಸಿಗೆ ಭೂಷಣವಲ್ಲ ಎಂಬುದು ಬಕ್ಕೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಎದ್ದವನೇ ಪಿ.ಜೆ. ಬಡಾವಣೆಯ ತನ್ನ ಸ್ಟುಡಿಯೋದ ಷಟರ್ ಎತ್ತಿ, ಕಸ ಹೊಡೆಯದೆ, ದೇವರ ಪಟಕ್ಕೆ ಊದುಬತ್ತಿಯನ್ನೂ ಹಚ್ಚದೆ, ಕಂಪ್ಯೂಟರಿನ ಮುಂದೆ ಕೂತು ಆ ಕೈಯನ್ನೇ ಹುಡುಕುತ್ತಿದ್ದ. ಅದು ಮೂವತ್ತೈದು ವರ್ಷದ ಹಿಂದೆ ಟಿವಿಯಲ್ಲಿ ಬಂದ ‘ಮರಳಿ ಬಾರದ ನೌಕೆ’ ಎಂಬ ಧಾರಾವಾಹಿಯ ಹನ್ನೊಂದನೆಯ ಕಂತಿನ ಕೈ. ನಿಜವಾದ ಕೈ ಸ್ಟುಡಿಯೋದ ಹಿಂದಿನ ಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿತ್ತು. ಎದ್ದು ಹೋಗಿ ಅದನ್ನು ಹಿಡಿದುಕೊಂಡರೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೆ ಅವನಿಗೆ ಬೇಕಾಗಿದ್ದುದು ಇಪ್ಪತ್ತು ವರ್ಷದ, ಬೆಳ್ಳಿ ಬಣ್ಣದ ಅಂಗಿತೋಳಿನೊಳಗಿಂದ ಹೊರಗೆ ಬಂದ, ಇನ್ನೂ ತನ್ನದಾಗಿರದ ಕೈ. ಅದು ಪರದೆಯ ಬಲಗಡೆಯಿಂದ ಒಳಗೆ ಬರುತ್ತದೆ, ನೌಕೆಯ ಲಿವರಿನ ಕಡೆಗೆ ಚಾಚುತ್ತದೆ, ಅಷ್ಟರಲ್ಲಿ ಬಿಳಿಯ ಗೆರೆಗಳು ಬಂದು ಎಲ್ಲವನ್ನೂ ನುಂಗುತ್ತವೆ. ಗೆರೆಗಳು ಹೋದಮೇಲೆ ಕೈ ಇರುವುದಿಲ್ಲ. ಹೆಂಡತಿ ಪ್ರೇಮಲತಾ, ನೌಕೆಗೆ ದಾರಿ ಹೇಳುವ ನ್ಯಾವಿಗೇಟರ್ ಪಾತ್ರದಲ್ಲಿ, ಮುಖವೆತ್ತಿ ನಗುತ್ತಿರುತ್ತಾಳೆ, ಕ್ಯಾಪ್ಟನ್ ಪಾತ್ರದ ಮಾಲತೇಶ್ ಅವಳನ್ನು ನೋಡುತ್ತಿರುತ್ತಾನೆ. ಮೂರು ನಾಲ್ಕು ಸೆಕೆಂಡಿನ ಮಾತು. ಆ ಮೂರು ನಾಲ್ಕು ಸೆಕೆಂಡಿನಲ್ಲಿ ಕೈ ಎಲ್ಲಿತ್ತು?

ಈಗಿನವರಿಗೆ ಆ ಧಾರಾವಾಹಿಯ ಹೆಸರೂ ಗೊತ್ತಿಲ್ಲ. ಆಗ ಭಾನುವಾರ ಬೆಳಿಗ್ಗೆ ಅದು ಬರುವ ಹೊತ್ತಿಗೆ ದಾವಣಗೆರೆಯ ಹೋಟೆಲುಗಳು ಖಾಲಿಯಾಗುತ್ತಿದ್ದವು. ಬೀಗ ಬಿದ್ದಿದ್ದ ಹತ್ತಿಗಿರಣಿಯೊಂದರ ನೂಲುವ ಯಂತ್ರಗಳೇ ಆಕಾಶನೌಕೆಯ ಒಳಭಾಗ. ಬೇಸಿಗೆಯಲ್ಲಿ ಬತ್ತಿದ ಹರಿಹರದ ಹೊಳೆಯ ಬಂಡೆಗಳೇ ಬೇರೆ ಗ್ರಹ. ಹಿಂದೆ ಸೇತುವೆ ಕಂಡರೂ ಯಾರೂ ಕೇಳಲಿಲ್ಲ, ಬೇರೆ ಗ್ರಹದಲ್ಲಿ ಸೇತುವೆ ಇರಬಾರದು ಅಂತೇನೂ ಇಲ್ಲವಲ್ಲ. ಮೂಲ ಟೇಪುಗಳು ಆಮೇಲೆ ಅಳಿಸಿಹೋದವು, ಅವುಗಳ ಮೇಲೆ ಇನ್ನೇನನ್ನೋ ತುಂಬಿದರು. ಈಗ ಬೆಂಗಳೂರಿನ ಒಂದು ಕಂಪನಿ ಅದನ್ನು ಮೊಬೈಲಿನಲ್ಲಿ ತೋರಿಸುತ್ತೇನೆಂದು ಹೊರಟು, ಜನ ತಮ್ಮ ಮನೆಗಳಲ್ಲಿ ರೆಕಾರ್ಡು ಮಾಡಿಟ್ಟುಕೊಂಡಿದ್ದ ಕ್ಯಾಸೆಟ್ಟುಗಳನ್ನು ಹುಡುಕಿಸಿ, ಸರಿಪಡಿಸುವ ಕೆಲಸವನ್ನು ಬಕ್ಕೇಶನಿಗೆ ಒಪ್ಪಿಸಿತ್ತು. ಹಳೆಯ ಕ್ಯಾಸೆಟ್ಟು ಓಡಿಸುವ ಯಂತ್ರಗಳನ್ನು ಮಕ್ಕಳ ಹಾಗೆ ಕಾಪಾಡಿಕೊಂಡವನು ಸುತ್ತಮುತ್ತ ಅವನೊಬ್ಬನೇ. ಹೆಂಡತಿ ನಟಿಸಿದ್ದನ್ನು ಗಂಡ ಉಳಿಸಿಕೊಡುತ್ತಿದ್ದಾನೆ ಎಂಬುದನ್ನೇ ಒಂದು ಜಾಹೀರಾತು ಮಾಡುವ ಯೋಚನೆಯೂ ಕಂಪನಿಯವರಿಗೆ ಇತ್ತು. ಬಕ್ಕೇಶ್ ಹಲ್ಲು ಬಿಟ್ಟು ಒಪ್ಪಿಕೊಂಡಿದ್ದ.

ಕೆಲಸದ ಫಜೀತಿ ಒಂದೆರಡಲ್ಲ. ಗಿರಣಿಯೊಳಗೆ ಕೂತಿದ್ದ ಹತ್ತಿಯ ಧೂಳು ದೀಪಗಳ ಬಿಸಿಗೆ ಎದ್ದು ಪರದೆ ತುಂಬ ತೇಲಾಡುತ್ತಿತ್ತು. ತೇಲುವುದನ್ನು ತಡೆಯಲಾರದೆ ನಿರ್ದೇಶಕರು ಅದನ್ನು ನಕ್ಷತ್ರಧೂಳಿ ಎಂದು ಮಾತಿನಲ್ಲೇ ಸೇರಿಸಿಬಿಟ್ಟಿದ್ದರು. ಹಾಳಾದ ಚಿತ್ರ ಸರಿಪಡಿಸುವ ಕಂಪ್ಯೂಟರಿನ ತಂತ್ರಾಂಶಕ್ಕೆ ಅದೇನು ಗೊತ್ತು? ಕಸವೆಂದು ಗುಡಿಸಿ ಹಾಕಿತು. ಈಗ ಕ್ಯಾಪ್ಟನ್ ಬರಿಗಾಳಿಯತ್ತ ಕೈ ಮಾಡಿ “ಅಗೋ, ನಕ್ಷತ್ರಧೂಳಿ!” ಎಂದು ಬೆರಗಾಗುತ್ತಿದ್ದ. ಅದಕ್ಕಿಂತ ದೊಡ್ಡ ಎಡವಟ್ಟು ವಿಭೂತಿಯದು. ಮಾಲತೇಶ್ ಹಣೆ ತುಂಬ ವಿಭೂತಿ ಧರಿಸಿಯೇ ನೌಕೆ ನಡೆಸಿದವನು. ಅಷ್ಟು ದೂರ ಹೋಗುವವನು ಬೋಳು ಹಣೆಯಲ್ಲಿ ಹೋಗುತ್ತಾನೆಯೇ ಎಂದು ಬಂಡವಾಳ ಹಾಕಿದ ಸಾಹುಕಾರರು ಹಟ ಹಿಡಿದಿದ್ದರಂತೆ. ಅಡ್ಡಡ್ಡ ಬಿಳಿ ಗೆರೆ ಕಂಡರೆ ಅದು ಟೇಪಿಗಾದ ಗಾಯ ಎಂದು ಕಲಿತಿದ್ದ ತಂತ್ರಾಂಶ ಆ ಮೂರು ಗೆರೆಗಳನ್ನು ಕಂತು ಕಂತಿನಲ್ಲೂ ಒರೆಸುತ್ತ ಹೋಗಿತ್ತು. ಕಂಪನಿಯಲ್ಲಿ ಗುಣಮಟ್ಟ ನೋಡುವ ರಶ್ಮಿತಾ ಎಂಬ ಹುಡುಗಿ ಫೋನು ಮಾಡಿ, “ಸರ್, ಕ್ಯಾಪ್ಟನ್ ಹಣೆ ಮಿಣಮಿಣ ಅಂತಿದೆ ಸರ್, ಹಾಳಾದ ಟ್ಯೂಬ್‌ಲೈಟ್ ತರ” ಎಂದಿದ್ದಳು. ಆಮೇಲೆ ಬಕ್ಕೇಶ್ ಒಂದೊಂದೇ ಚಿತ್ರ ತೆರೆದು ತನ್ನ ಕೈಯಾರೆ ಮಾಲತೇಶನ ಹಣೆಗೆ ವಿಭೂತಿ ಹಚ್ಚುತ್ತ ದಿನಗಟ್ಟಲೆ ಕೂತ. ಗುರುವಿಗೂ ಅಷ್ಟು ಸೇವೆ ಮಾಡಿದವನಲ್ಲ. ಒಮ್ಮೆ ಒಂದು ಗೆರೆಯನ್ನು ಬೇಕೆಂದೇ ಸೊಟ್ಟಗೆ ಎಳೆದ, ನೋಡುವವರಿಗೆ ಕಾಣದಷ್ಟು ಸೊಟ್ಟ. ಎಳೆದು, ನಾಚಿಕೆಯಾಗಿ, ಮತ್ತೆ ನೆಟ್ಟಗೆ ಮಾಡಿದ.

ಹೊಟ್ಟೆಕಿಚ್ಚು ಇವತ್ತಿನದಲ್ಲ. ಮದುವೆಯ ದಿನ ಆನಗೋಡಿನ ಮಾವನ ಮನೆಯ ಚಪ್ಪರದಲ್ಲಿ ಅಕ್ಕಿಕಾಳು ಹಾಕಲು ಬಂದವರೆಲ್ಲ ಅವನ ತಲೆಯ ಮೇಲಿಂದ ಅವಳನ್ನು ನೋಡಿ, ನೌಕೆ ಹುಡುಗಿ, ನೌಕೆ ಹುಡುಗಿ ಎಂದು ಪಿಸುಗುಟ್ಟಿದ್ದರು. ರುಮಾಲಿನ ಮುದುಕರೊಬ್ಬರು ಅವನ ಕಿವಿಯ ಹತ್ತಿರ ಬಗ್ಗಿ, “ಕ್ಯಾಪ್ಟನ್ ಬರಲಿಲ್ಲೇನಪ್ಪ ಮದುವಿಗೆ?” ಎಂದು ಕೇಳಿದ್ದರು. ಮದುಮಗನಾಗಿ ಬಾಸಿಂಗ ಕಟ್ಟಿಕೊಂಡು ಕೂತವನು ಏನು ಹೇಳಬೇಕು? ನಕ್ಕಿದ್ದ. ಅವನು ಅವಳನ್ನು ಮೊದಲು ನೋಡಿದ್ದೂ ಜಿಲ್ಲೆಯ ಜನರೆಲ್ಲ ನೋಡಿದ ಹಾಗೆ ಟಿವಿಯಲ್ಲೇ, ಆ ಮನುಷ್ಯನ ಪಕ್ಕದಲ್ಲೇ. ಅವಳು ಅನುಮಾನ ಪಡುವಂಥ ಒಂದು ಮಾತು ಆಡಿದವಳಲ್ಲ, ಒಂದು ಹೆಜ್ಜೆ ಇಟ್ಟವಳಲ್ಲ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂದು ತನಗೆ ತಾನೇ ಎಷ್ಟೋ ಸಲ ಬುದ್ಧಿ ಹೇಳಿಕೊಂಡಿದ್ದಾನೆ. ಗಾದೆ ಹೇಳಿಕೊಂಡರೆ ಕಾಮಾಲೆ ವಾಸಿಯಾಗುತ್ತದೆಯೇ?

ಹನ್ನೊಂದನೆಯ ಕಂತು ಬೇರೆ ಯಾರ ಹತ್ತಿರವೂ ಸಿಕ್ಕಿರಲಿಲ್ಲ. ಮಾಲತೇಶನೇ ಹರಿಹರದಿಂದ ತನ್ನ ಮನೆಯ ಕ್ಯಾಸೆಟ್ಟು ಕಳಿಸಿದ್ದ. ಉಳಿದದ್ದೆಲ್ಲ ನಿನ್ನೆ ರೆಕಾರ್ಡು ಮಾಡಿದಷ್ಟು ಚೊಕ್ಕ, ಆ ಒಂದು ಜಾಗ ಮಾತ್ರ ಹಾಳು. ಬೂಷ್ಟು ಹಿಡಿದಿದ್ದರೆ ಬೇರೆ ಥರ ಕಾಣುತ್ತದೆ, ಸುಕ್ಕಾಗಿದ್ದರೆ ಬೇರೆ ಥರ. ಇದು ಸವೆದದ್ದು. ಓಡುವ ಕ್ಯಾಸೆಟ್ಟನ್ನು ನಿಲ್ಲಿಸಿ ಒಂದು ಚಿತ್ರವನ್ನೇ ನೋಡುತ್ತ ಕೂತರೆ ಟೇಪೇನೋ ನಿಲ್ಲುತ್ತದೆ, ಅದನ್ನು ಓದುವ ಉರುಳೆ ನಿಲ್ಲುವುದಿಲ್ಲ, ಒಂದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಒಂದು ಕಾಲಕ್ಕೆ ಬಕ್ಕೇಶ್ ಇದೇ ಸ್ಟುಡಿಯೋದಲ್ಲಿ ಸಿನಿಮಾ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ವಾಪಸು ಬಂದದ್ದನ್ನು ಹಾಕಿ ನೋಡಿದರೆ ಸಾಕು, ಯಾವ ಮನೆಯವರ ಕಣ್ಣು ಎಲ್ಲಿ ನಿಂತಿತ್ತು ಎಂದು ಹೇಳಿಬಿಡುತ್ತಿದ್ದ. ಪುರಾಣ ಪ್ರವಚನದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ದೊಡ್ಡಮನುಷ್ಯರೊಬ್ಬರು ತಪ್ಪದೆ ನಾಯಕಿ ನೀರಿನಲ್ಲಿ ನೆನೆಯುವ ಕಡೆ ನಿಲ್ಲಿಸುತ್ತಿದ್ದರು. ಬೀದಿಯಲ್ಲಿ ಅವರಿಗೆ ಶರಣು ಅನ್ನುವಾಗ ಬಕ್ಕೇಶನಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಆಗ ನಗಿಸಿದ ವಿದ್ಯೆ ಈಗ ಅವನನ್ನೇ ಕಿತ್ತು ತಿನ್ನುತ್ತಿತ್ತು. ನೂರಾರು ಸಲ ನಿಲ್ಲಿಸದೆ ಟೇಪು ಹೀಗೆ ಸವೆಯುವುದಿಲ್ಲ. ಅಂದರೆ ಆ ಮಾಲತೇಶ್, ಹೆಂಡತಿ ಮಕ್ಕಳಿರುವ ಮನೆಯಲ್ಲಿ ಕೂತು, ವರ್ಷಗಟ್ಟಲೆ, ಪ್ರೇಮಲತಾಳ ಕೈಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದಾನೆ. ನೋಡಿದ್ದಾನೆ ಅಂದಮೇಲೆ ಅಲ್ಲಿ ನೋಡುವಂಥದ್ದು ಏನೋ ಇತ್ತು.

ಹಾಳಾದ ಜಾಗವನ್ನು ತುಂಬು ಎಂದು ತಂತ್ರಾಂಶಕ್ಕೆ ಹೇಳಿದ. ಮೊದಲ ಸಲ ಅದು ಪ್ರೇಮಲತಾಳ ಕೈಯನ್ನು ಒಯ್ದು ಮಾಲತೇಶನ ಅಂಗೈಯೊಳಗೆ ಇಟ್ಟಿತು, ಕನ್ಯಾದಾನ ಮಾಡಿದ ಹಾಗೆ. ಬಕ್ಕೇಶ್ ತಟ್ಟನೆ ಅದನ್ನು ನಿಲ್ಲಿಸಿದ. ಏನೇನೋ ಹೊಂದಿಸಿ ಮತ್ತೆ ಓಡಿಸಿದ. ಈ ಸಲ ಅವಳ ಕೈ ಲಿವರಿನ ಮೇಲೆ, ಮಾಲತೇಶನದು ದೂರ. ಮೂರನೆಯ ಸಲ ಲಿವರಿನ ಮೇಲೆ ಆರು ಬೆರಳಿನ ಒಂದು ಕೈ, ಯಾರದೆಂದು ಬ್ರಹ್ಮನೂ ಹೇಳಲಾರ. ಯಂತ್ರಕ್ಕೆ ಏನೂ ಗೊತ್ತಿಲ್ಲ, ಹಿಂದೆ ಮುಂದೆ ಕಂಡದ್ದನ್ನು ಇಟ್ಟುಕೊಂಡು ನಡುವಿನದನ್ನು ಊಹಿಸುತ್ತದೆ, ಅಷ್ಟೇ. ಮದುವೆಯಾದಾಗಿನಿಂದ ತಾನು ಮಾಡಿಕೊಂಡು ಬಂದದ್ದೂ ಅದನ್ನೇ ಅಲ್ಲವೇ ಅನ್ನಿಸಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮೂರರ ನಕಲನ್ನೂ ರಶ್ಮಿತಾಳಿಗೆ ಕಳಿಸಿ, ಮೂರನ್ನೂ ಉಳಿಸಿಟ್ಟುಕೊಂಡ. ಆದರೆ ದಿನಾ ಬೆಳಿಗ್ಗೆ ಹಾಕಿ ನೋಡುವುದು ಮೊದಲನೆಯದನ್ನೇ. ನಾಲಿಗೆ ಹೊರಳುವುದು ನೋಯುವ ಹಲ್ಲಿನ ಕಡೆಗೇ.

ಪ್ರೇಮಲತಾ ಕಾಫಿ ತಂದು ಪಕ್ಕದಲ್ಲಿಟ್ಟಳು. ಅವನು ಲಗುಬಗೆಯಿಂದ ಗೆರೆಗಳಿರುವ ಮೂಲಚಿತ್ರಕ್ಕೆ ಬದಲಾಯಿಸಿದ.

“ಏನ್ರಿ, ಬೆಳಿಗ್ಗಿಂದ ಅದನ್ನೇ ನೋಡ್ತಾ ಕುಂತೀರಿ?”

“ಈ ಶಾಟ್ ನೆನಪೈತಾ ನಿನಗೆ?”

ಅವಳು ಬಗ್ಗಿ ನೋಡಿದಳು. ಕೈಯಿಂದ ಮೆಂತ್ಯದ ವಾಸನೆ ಬಂತು. “ಅಯ್ಯ, ಎಷ್ಟು ತೆಳ್ಳಗಿದ್ದೆ ನೋಡ್ರಿ!”

“ಕೈ ಎಲ್ಲಿಟ್ಟಿದ್ದೆ ಅಲ್ಲಿ?”

“ಯಾವ ಕೈ?”

“ಬಲಗೈ.”

“ಯಾರಿಗ್ರಿ ನೆನಪಿರ್ತೈತೆ! ಆ ಬೆಳ್ಳಿ ಡ್ರೆಸ್ಸಿನಾಗೆ ಮೈಯೆಲ್ಲ ಕಡೀತಿತ್ತು. ಕೆರಕೊಳ್ತಿದ್ನೇನೋ.”

ನಗುತ್ತಲೇ ಹೇಳಿದಳು. ಬಕ್ಕೇಶ್ ಆ ನಗುವನ್ನು ಪರದೆಯ ಮೇಲಿನ ನಗುವಿನ ಜೊತೆ ಇಟ್ಟು ನೋಡಿದ. ಅದೇ ಹಲ್ಲು, ಅದೇ ತುಟಿ. ಆ ನಗು ಬೇರೆ. ಹಾಗೆ ಅವಳು ತನ್ನ ಕಡೆ ತಿರುಗಿ ಒಂದು ದಿನವೂ ನಕ್ಕಿಲ್ಲ. ಹೀಗೆ ಯೋಚಿಸುವವನ ಕಡೆ ತಿರುಗಿ ಯಾರಾದರೂ ನಗುವುದು ಹೇಗೆ ಎಂಬುದು ಅವನಿಗೆ ಹೊಳೆಯಲಿಲ್ಲ.

“ಹರಿಹರಕ್ಕೆ ಹೋಗಿಬರ್ತೀನಿ, ಮಾಲತೇಶ್ ಅವರ ಮನಿಗೆ. ಈ ಶಾಟಿನ ಬಗ್ಗೆ ಕೇಳೋದೈತೆ. ನೀನೂ ಬಾ.”

“ನಾ ಯಾಕ್ರಿ? ಸೊಪ್ಪು ಬಿಡಿಸಿಟ್ಟೀನಿ. ನೀವು ಹೋಗಿಬರ್ರಿ. ಲಕ್ಷ್ಮೀದೇವಿಗೆ ಒಂದೀಟು ಶೇಂಗಾ ಚಟ್ನಿಪುಡಿ ಕೊಡ್ತೀನಿ, ತಗೊಂಡು ಹೋಗ್ರಿ.”

ಬರುತ್ತೇನೆ ಅಂದಿದ್ದರೆ ಅಷ್ಟು ಆಸೆ ಯಾಕೆ ಎಂದು ಉರಿಯುತ್ತಿದ್ದ. ಬರುವುದಿಲ್ಲ ಅಂದದ್ದಕ್ಕೆ ಯಾಕೆ ತಪ್ಪಿಸಿಕೊಳ್ಳುತ್ತಾಳೆ ಎಂದು ಉರಿದ.

ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲೆ, ಅದರ ಮೇಲೆ ಚಟ್ನಿಪುಡಿಯ ಡಬ್ಬಿ. ಹೋಗಿ ಏನು ಕೇಳುವುದು? ನನ್ನ ಹೆಂಡತಿಯ ಕೈ ಹಿಡಿದಿದ್ದಿರಾ ಎಂದೇ? ಹಿಡಿದಿದ್ದರೂ ಅದು ನಾಟಕ, ಅವರಿಬ್ಬರೂ ಆಕಾಶದಿಂದ ಬೀಳುತ್ತಿದ್ದ ನೌಕೆಯಲ್ಲಿದ್ದರು, ಬೀಳುವವರು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಹಾಗಾದರೆ ಅವನು ಅದನ್ನು ಯಾಕೆ ನಿಲ್ಲಿಸಿ ನೋಡಬೇಕಿತ್ತು? ಕುಕ್ಕುವಾಡದಲ್ಲಿ ಯಾರದೋ ಮದುವೆಯಲ್ಲಿ, ಎಷ್ಟು ವರ್ಷವಾಯಿತೋ, ಊಟದ ಪಂಕ್ತಿ ಎದ್ದಾಗ ಆ ಮನುಷ್ಯ ಎದುರು ಬಂದಿದ್ದ. “ಏನ್ರಿ ನ್ಯಾವಿಗೇಟರ್ರೆ, ಕೈ ತೊಳೆಯೋಕೆ ದಾರಿ ಯಾವ ಕಡೀಗೆ?” ಎಂದು ಗಟ್ಟಿಯಾಗಿ ಕೇಳಿದ್ದ. ಪ್ರೇಮಲತಾ ನಕ್ಕಿದ್ದಳು, ಪರದೆಯ ಮೇಲೆ ನಗುವ ಹಾಗೇ. ಬಕ್ಕೇಶನ ಹೊಟ್ಟೆಯೊಳಗೆ ಹೋಗಿದ್ದ ಗೋಧಿಹುಗ್ಗಿ ಕಲ್ಲಾಗಿತ್ತು. ಮಾಲತೇಶನ ಹೆಂಡತಿ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ಹೇಗಿತ್ತು ಎಂದು ನೋಡಲು ಅವನಿಗೆ ಪುರಸೊತ್ತಿರಲಿಲ್ಲ. ಫೋನು ಬಡಿದುಕೊಂಡಿತು. ರಶ್ಮಿತಾ. “ಸರ್, ಹನ್ನೊಂದನೇದು ಒಂದೇ ಬಾಕಿ ಸರ್. ಆ ಮೂರರಲ್ಲಿ ಯಾವುದಾದ್ರೂ ಒಂದು ಹಾಕಿ ಕಳಿಸ್ಬಿಡಿ. ಆರು ಬೆರಳಿಂದು ಬಿಟ್ಟು.” ಆಮೇಲೆ ಸಮಾಧಾನ ಮಾಡುವವಳ ಹಾಗೆ, “ಅಲ್ಲಿ ಕೈ ನೋಡೋರು ಯಾರು ಸರ್?” ಎಂದಳು. ಬಕ್ಕೇಶ್ ಸಂಜೆ ಕಳಿಸುತ್ತೇನೆ ಎಂದ.

ಮಾಲತೇಶನ ಮನೆ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿತ್ತು. ಬಣ್ಣದ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಬನಿಯನ್ನು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಮನುಷ್ಯ ಎದ್ದು ನಿಂತಾಗ ಕ್ಯಾಪ್ಟನ್ ಎಲ್ಲೂ ಕಾಣಲಿಲ್ಲ, ಹೊಟ್ಟೆಯೇ ಕಂಡಿತು. ಬಕ್ಕೇಶನ ಕಣ್ಣು ನೇರ ಹಣೆಗೆ ಹೋಯಿತು. ವಿಭೂತಿ ಇತ್ತು. ಆ ಹಣೆಯ ಅಗಲ, ಎಡಹುಬ್ಬಿನ ಮೇಲಿನ ಗುಳಿ, ಎಲ್ಲ ಅವನಿಗೆ ಆ ಮನುಷ್ಯನ ಹೆಂಡತಿಗಿಂತ ಚೆನ್ನಾಗಿ ಗೊತ್ತಿತ್ತು.

“ಬರ್ರಿ ಬರ್ರಿ ಬಕ್ಕೇಶಣ್ಣ, ಕೂಡ್ರಿ. ಒಬ್ರೇ ಬಂದೀರಲ್ಲ, ಪ್ರೇಮಲತಾ ಅವರನ್ನೂ ಕರಕೊಂಡು ಬರಬೇಕಿತ್ತು.”

ಆ ಹೆಸರನ್ನು ಅವನು ಹೇಗೆ ಉಚ್ಚರಿಸಿದ? ಬಕ್ಕೇಶ್ ಅದನ್ನು ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಕೇಳಿಸಿಕೊಂಡ. ಏನೂ ಇರಲಿಲ್ಲ. ಒಳಗೆ ಹೋಗಿ ಕೂತರು. ಒಳಬಾಗಿಲಲ್ಲಿ ಕಾಣಿಸಿಕೊಂಡ ಮಾಲತೇಶನ ಹೆಂಡತಿ ಲಕ್ಷ್ಮೀದೇವಿಯ ಕೈಗೆ ಚಟ್ನಿಪುಡಿಯ ಡಬ್ಬಿ ಕೊಟ್ಟ.

“ಆ ಕ್ಯಾಸೆಟ್ಟು ಬಾಳ ಚೆನ್ನಾಗಿಟ್ಟೀರಿ,” ಎಂದು ಶುರು ಮಾಡಿದ. “ಬಾಳ ಸಲ ನೋಡೀರೇನೋ?”

“ನಾನಾ?” ಮಾಲತೇಶ್ ಮನೆ ಅಲುಗುವಂತೆ ನಕ್ಕ. “ಟಿವ್ಯಾಗ ಬಂದಾಗ ಒಂದ್ಸಲ ನೋಡಿದ್ದೇ ಕಡೆ. ನನ್ನ ಮುಖ ನನಗೇ ನೋಡಾಕಾಗಲ್ಲ ಮಾರಾಯ್ರೆ, ಇಡ್ಲಿಪಾತ್ರೆ ಬೋರಲು ಹಾಕ್ಕೊಂಡಂಗೆ ಆ ಟೋಪಿ!”

“ಹನ್ನೊಂದನೇ ಕಂತಿನಾಗೆ ಲಿವರ್ ಹಿಡಿಯೋದೊಂದು ಶಾಟ್ ಐತಲ್ರಿ. ನೌಕೆ ಬೀಳೋದು.”

“ಲಿವರ್ರಾ? ಅದು ಗಿರಣಿ ಮಿಷಿನ್ದು, ಜಂಗು ಹಿಡಿದಿತ್ತು. ಯಾರು ಹಿಡಿದ್ರೋ ಯಾರು ಬಿಟ್ರೋ. ಕೂತಿರ್ರಿ, ಬಿಸಿ ಮಿರ್ಚಿ ಹಾಕೋ ಹೊತ್ತು, ಮಂಡಕ್ಕಿ ಮಿರ್ಚಿ ತಂದುಬಿಡ್ತೀನಿ.” ಅಂಗಿ ಏರಿಸಿಕೊಂಡು ಹೊರಟೇಹೋದ.

ಮರೆತಿದ್ದಾನೆಯೇ, ಮರೆತಂತೆ ನಟಿಸುತ್ತಿದ್ದಾನೆಯೇ? ನಟನಲ್ಲವೇ ಅವನು. ನಿಜವಾಗಿ ಮರೆತಿದ್ದರೆ ಅದು ಇನ್ನೂ ದೊಡ್ಡ ಅವಮಾನ ಅನ್ನಿಸಿತು ಬಕ್ಕೇಶನಿಗೆ. ಯಾವುದಕ್ಕಾಗಿ ತಾನು ಆಯುಷ್ಯವೆಲ್ಲ ಉರಿದನೋ ಅದು ಈ ಮನುಷ್ಯನಿಗೆ ಜಂಗು ಹಿಡಿದ ಕಬ್ಬಿಣ. ಆದರೆ ಟೇಪು ಸುಳ್ಳು ಹೇಳುವುದಿಲ್ಲವಲ್ಲ. ಯಾರೋ ನೋಡಿದ್ದಾರೆ.

“ಅವರಲ್ರಿ,” ಎಂದಳು ಲಕ್ಷ್ಮೀದೇವಿ. ಒಳಬಾಗಿಲಿಗೆ ಒರಗಿ ಅಲ್ಲೇ ನಿಂತಿದ್ದಳು, ಡಬ್ಬಿ ಇನ್ನೂ ಕೈಯಲ್ಲೇ ಇತ್ತು. “ಅದನ್ನ ನೋಡಿದ್ದು ನಾನು.”

ಬಕ್ಕೇಶ್ ಬಾಗಿಲ ಕಡೆ ತಿರುಗಿದ.

“ಮದುವ್ಯಾಗಿ ಬಂದ ವರ್ಷದಿಂದ. ಅವರು ಅಂಗಡೀಗೆ ಹೋದ ಮ್ಯಾಲೆ ಹಾಕ್ಕೊಂಡು ಕೂಡ್ತಿದ್ದೆ. ನಿಮ್ಮನೆಯವರ ಕೈ ಬರ್ತೈತಲ್ಲ, ಅಲ್ಲಿ ನಿಲ್ಲಿಸ್ತಿದ್ದೆ. ಮೊದಮೊದಲು ಚೆನ್ನಾಗೇ ಕಾಣ್ತಿತ್ತು ಅಣ್ಣಾರೆ. ಆದ್ರೆ ಇಬ್ಬರ ಕೈನೂ ಒಂದೇ ಕಡೆ, ಹಿಡ್ಕೊಂಡಾರೋ ಇಲ್ಲೋ ಅಂತ ಗೊತ್ತಾಗ್ತಿರಲಿಲ್ಲ. ಇನ್ನೊಂದ್ಸಲ ನೋಡಿದ್ರೆ ಗೊತ್ತಾಗ್ತೈತೆ ಅಂತ ಇನ್ನೊಂದ್ಸಲ. ನೋಡಿ ನೋಡಿ ಗೆರೆ ಬಿತ್ತು.” ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ಗೆರೆ ಬಿದ್ದ ಮ್ಯಾಲೆ ಹಿಡ್ಕೊಂಡೇ ಇದ್ರು ಅನ್ಸಾಕೆ ಹತ್ತಿತು.”

ಹೊರಗೆ ಯಾರೋ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರು. ಬಕ್ಕೇಶ್ ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಕುಕ್ಕುವಾಡದ ಮದುವೆಯಲ್ಲಿ ಈ ಹೆಂಗಸು ಉಂಡ ಗೋಧಿಹುಗ್ಗಿಯೂ ಕಲ್ಲಾಗಿದ್ದಿರಬೇಕು.

“ಅವರನ್ನ ಕೇಳಲಿಲ್ಲೇನ್ರಿ?”

“ಏನಂತ ಕೇಳ್ಲಿ? ನೀವು ಕೇಳೀರೇನು ನಿಮ್ಮನೆಯವರನ್ನ?” ಅವಳು ಹತ್ತಿರ ಬಂದಳು. “ನಿಮ್ಮ ಮಿಷಿನ್ನಾಗೆ ಹಾಳಾಗಿದ್ದೆಲ್ಲ ಸರಿ ಆಗ್ತೈತಂತಲ್ಲ. ಏನೈತ್ರಿ ಅಲ್ಲಿ?”

ಬಕ್ಕೇಶ್ ಲ್ಯಾಪ್‌ಟಾಪು ತೆರೆದ. ಮೂರೂ ಸಾಲಾಗಿ ಕೂತಿದ್ದವು. ಅವನ ಬೆರಳು ತಾನಾಗಿ ಮೊದಲನೆಯದರ ಮೇಲೆ ಹೋಯಿತು. ಇದನ್ನು ತೋರಿಸಿದರೆ ಮುಗಿಯಿತು, ಇವಳು ನಂಬುತ್ತಾಳೆ, ಸಾಯುವತನಕ ನಂಬುತ್ತಾಳೆ. ತನ್ನ ಹಾಗೆ ಉರಿಯುವ ಇನ್ನೊಂದು ಜೀವ ಹರಿಹರದಲ್ಲಿ ಇರುತ್ತದೆ. ಆ ಆಸೆ ಎಷ್ಟು ಸಿಹಿಯಾಗಿತ್ತೆಂದರೆ ಅವನಿಗೆ ಹೆದರಿಕೆಯಾಯಿತು. ಡಬ್ಬಿಯನ್ನು ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಎರಡನೆಯದನ್ನು ತೆರೆದ. ದಯೆಯಿಂದಲೋ, ನಾಳೆ ಇವಳು ಬಸ್ಸು ಹತ್ತಿ ಪ್ರೇಮಲತಾಳ ಹತ್ತಿರ ಬಂದಾಳೆಂಬ ಭಯದಿಂದಲೋ, ಅವನಿಗೇ ಗೊತ್ತಾಗಲಿಲ್ಲ.

“ಇದು ನೋಡ್ರಿ. ಇದೇ ಇದ್ದದ್ದು,” ಎಂದ.

ಅವಳು ಬಾಗಿದಳು. ನೌಕೆ ಅಲುಗಿತು, ಕೆಂಪು ದೀಪ ಹತ್ತಿತು, ಕೈ ಬಂತು. ಗೆರೆಗಳಿರಲಿಲ್ಲ. ಕೈ ಲಿವರನ್ನು ಹಿಡಿಯಿತು. ಬಕ್ಕೇಶ್ ಅಲ್ಲಿ ನಿಲ್ಲಿಸಿದ.

“ಲಿವರ್ ಮ್ಯಾಲೆ ಐತೆ,” ಎಂದಳು.

“ಹೌದ್ರಿ. ಲಿವರ್ ಮ್ಯಾಲೆ.”

“ಅವರ ಕೈ ಈ ಕಡೀಗೆ.”

“ಹೂಂ. ಇಷ್ಟೇ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದುರಿನ ಮಂಚದ ತುದಿಗೆ ಕೂತಳು. ಅವಳ ಹೆಗಲು ಇಳಿದದ್ದು ಕಂಡು ಬಕ್ಕೇಶನ ಎದೆಯೂ ಹಗುರಾಯಿತು. ತಾನೇ ತುಂಬಿಸಿದ ಸುಳ್ಳನ್ನು ಒಂದು ಗಳಿಗೆ ತಾನೂ ನಂಬಿದ. ಎಷ್ಟೋ ವರ್ಷಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಗಿ ಬಂತು.

ಲಕ್ಷ್ಮೀದೇವಿ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

“ಇಷ್ಟೇ ಆಗಿದ್ರೆ, ಅಣ್ಣಾರೆ, ನೀವ್ಯಾಕೆ ಈ ಬಿಸಿಲಾಗೆ ಹುಡುಕ್ಕೊಂಡು ಬಂದ್ರಿ?”

ಬಕ್ಕೇಶ್ ಟೇಪಿನ ಗುಣಮಟ್ಟ, ಕಂಪನಿ, ರಶ್ಮಿತಾ ಎಂದು ಏನೇನೋ ತೊದಲಿದ. ಅವನ ಮುಖದಲ್ಲಿ ಏನು ಕಂಡಿತೋ, ಅವಳು ಉತ್ತರ ಮುಗಿಯಲು ಕಾಯಲಿಲ್ಲ. ಡಬ್ಬಿಯನ್ನು ನೆಲಕ್ಕಿಟ್ಟು, ಬೀದಿಯ ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

“ಈ ಮಿಷಿನ್ನಾಗೆ ಎಷ್ಟು ಸಲ ನಿಲ್ಲಿಸಿ ನೋಡಿದ್ರೂ ಸವೆಯಲ್ಲ ಅಂತಾರಲ್ಲ, ಹೌದೇನ್ರಿ?”

“ಹೌದ್ರಿ. ಸವೆಯಲ್ಲ.”

“ಹಂಗಾದ್ರೆ ಅವರು ಬರೋದ್ರೊಳಗೆ ಇನ್ನೊಂದ್ಸಲ ಹಾಕ್ರಿ.”

ಬಕ್ಕೇಶ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಎರಡನೆಯದನ್ನೇ ಇನ್ನೊಂದು ಸಲ ಹಾಕಿದ.